ಬಿಡುವಿನ ದಿನಕ್ಕೂ ಒಂದು ಲೆಕ್ಕ ಬೇಕು

ನಮ್ಮ ಭಾಗದಿಂದ ಶ್ರೀಲಂಕೆಗೆ ಮತ್ತೊಂದು ಬೆಳೆಗಾರರ ತಂಡ ಹೊರಡುವ ಮಾತು ನಡೆದಿದೆ. ಗುಬ್ಬಿ, ಕುಣಿಗಲ್, ತುಮಕೂರು ಕಡೆಯ ಸದಸ್ಯರು ಎದುರಾದಾಗಲೆಲ್ಲ ಕೇಳುವುದು ಮೂರೇ ಪ್ರಶ್ನೆ: ಹಣ ಎಷ್ಟಾಗುತ್ತದೆ, ತೋಟ ಬಿಟ್ಟು ಎಷ್ಟು ದಿನ ಇರಬೇಕು, ಸಸ್ಯಾಹಾರದ ಊಟ ಸಿಗುತ್ತದೆಯೇ. ಕೇಳಬೇಕಾದ ಪ್ರಶ್ನೆಗಳೇ ಸರಿ. ಆದರೆ ಕಾರ್ಯಕ್ರಮದ ಪಟ್ಟಿಯಲ್ಲಿ ಆರನೆಯ ದಿನದ ಎದುರಿಗೆ ‘ಬಿಡುವು’ ಎಂಬ ಒಂದೇ ಪದ ಇರುತ್ತದಲ್ಲ, ಅದರ ಬಗ್ಗೆ ಇದುವರೆಗೆ ಯಾರೂ ಕೇಳಿದ್ದನ್ನು ನಾನು ಕಾಣೆ. ಹಿಂದಿನ ಸಲ ನಾವೂ ಕೇಳಿರಲಿಲ್ಲ. ಆ ಒಂದು ಪದದಿಂದ ನಮಗೆ ಏನೇನಾಯಿತು ಎಂಬುದನ್ನು ಹೊಸದಾಗಿ ಹೊರಡುವವರಿಗೆ ತಿಳಿಸುವುದು ನನ್ನ ಕರ್ತವ್ಯ ಎಂದು ಬರೆಯುತ್ತಿದ್ದೇನೆ. ಆ ತಂಡದ ಲೆಕ್ಕಪತ್ರ ನನ್ನ ಕೈಯಲ್ಲಿತ್ತು. ತಪ್ಪಿನಲ್ಲಿ ನನ್ನ ಪಾಲೂ ಇದೆ.

ನಾವು ಹೋದದ್ದು 2019ರ ಫೆಬ್ರವರಿಯಲ್ಲಿ. ಸಿದ್ಧಗಂಗೆಯ ಹಿರಿಯ ಶ್ರೀಗಳು ಲಿಂಗೈಕ್ಯರಾಗಿ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ಹೋಗುವುದೋ ಬೇಡವೋ ಎಂದು ನಮ್ಮಲ್ಲಿ ಕೆಲವರಿಗೆ ಮನಸ್ಸು ಹಿಂದು ಮುಂದಾಗಿತ್ತು. ಕೊನೆಗೆ ಇಪ್ಪತ್ತೆರಡು ಮಂದಿ ಹೊರಟೆವು. ನಾಲ್ಕು ಜನ ಹೆಣ್ಣುಮಕ್ಕಳೂ ತಮ್ಮ ಯಜಮಾನರ ಜೊತೆ ಬಂದಿದ್ದರು. ಎಲ್ಲರೂ ಎರಡು ಎಕರೆ, ನಾಲ್ಕು ಎಕರೆಯವರು. ತುಮಕೂರಿನಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹಿಡಿದಷ್ಟು ಹೊತ್ತೂ ಅಲ್ಲಿಂದ ಕೊಲಂಬೋಗೆ ಹಿಡಿಯಲಿಲ್ಲ. ಗಡಿಯಾರ ತಿರುಗಿಸುವ ಕೆಲಸವೂ ಇರಲಿಲ್ಲ, ಅಲ್ಲಿಯ ವೇಳೆಯೂ ನಮ್ಮ ವೇಳೆಯೇ.

ಅಧ್ಯಯನದ ಭಾಗ ಚೆನ್ನಾಗಿಯೇ ನಡೆಯಿತು. ಲುನುವಿಲದ ತೆಂಗು ಸಂಶೋಧನಾ ಕೇಂದ್ರ 1929ರಿಂದ ಇದೆ. ಮಾತಲೆಯಲ್ಲಿ ಮೆಣಸು, ಲವಂಗ, ಕಾಫಿ, ಕೋಕೋ ಜೊತೆಗೆ ಅಡಿಕೆ ಮತ್ತು ವೀಳ್ಯದೆಲೆಯ ಮೇಲೂ ಕೆಲಸ ಮಾಡುವ ಸರ್ಕಾರಿ ಸಂಶೋಧನಾ ಕೇಂದ್ರವಿದೆ. ಅಡಿಕೆಗೆ ಅಲ್ಲಿ ಪುವಕ್ ಎನ್ನುತ್ತಾರೆ, ಎಲೆಗೆ ಬುಲತ್, ತೆಂಗಿಗೆ ಪೊಲ್. ಆ ವಿವರಗಳನ್ನು ಬೇರೆಯಾಗಿ ಬರೆಯಬಹುದು. ಈಗ ಆರನೆಯ ದಿನಕ್ಕೆ ಬರೋಣ.

ಐದನೆಯ ದಿನ ರಾತ್ರಿ ಕ್ಯಾಂಡಿಯ ಹೋಟೆಲಿನಲ್ಲಿ ಊಟಕ್ಕೆ ಕುಳಿತಾಗ, ನಾಳೆ ಎಲ್ಲಿಗೆ ಎಂಬ ಮಾತು ಮೊದಲ ಸಲ ಎದ್ದಿತು. ಗುಬ್ಬಿಯ ಇಬ್ಬರು ಸಿಗಿರಿಯಾ ಬಂಡೆಕೋಟೆ ನೋಡಲೇಬೇಕು ಎಂದರು. ಹೆಣ್ಣುಮಕ್ಕಳು ಪಿನ್ನವಾಲದಲ್ಲಿ ಆನೆಗಳಿಗೆ ಹೊಳೆಯಲ್ಲಿ ಸ್ನಾನ ಮಾಡಿಸುವುದನ್ನು ನೋಡೋಣ ಎಂದರು. ಒಬ್ಬರಿಗೆ ಪೇಟೆಗೆ ಹೋಗಿ ಮಗಳಿಗೆ ಸೀರೆ ಕೊಳ್ಳುವುದಿತ್ತು. ಇಬ್ಬರು ಹುಡುಗರಿಗೆ ಮಾತಲೆಯಲ್ಲಿ ಪರಿಚಯವಾಗಿದ್ದ ಒಬ್ಬ ಬೆಳೆಗಾರರು ತಮ್ಮ ಮನೆತೋಟಕ್ಕೆ ಬನ್ನಿ ಎಂದು ಕರೆದಿದ್ದರು. ನಮ್ಮಲ್ಲೆಲ್ಲ ಹಿರಿಯರು ಕುಣಿಗಲ್ ಕಡೆಯ ಯಜಮಾನರೊಬ್ಬರು, ಎಪ್ಪತ್ತು ದಾಟಿದ್ದವರು. ಅವರು ಊಟ ಮುಗಿಸಿ ಕೈತೊಳೆದು ಬಂದು, “ನನಗೆ ಆ ದಂತ ಮಂದಿರದ ಪೂಜೆ ಒಂದು ನೋಡಬೇಕು ಕಣಪ್ಪ. ಆಮೇಲೆ ಆ ಕೆರೆ ಏರಿ ಮೇಲೆ ಒಂದು ಸುತ್ತು. ನಮ್ಮ ಕುಣಿಗಲ್ ಕೆರೆ ಮುಂದೆ ಇದೇನು ಮಹಾ ಅಂತ ನೋಡೋಣ” ಎಂದರು. ಚಿಕ್ಕಂದಿನಲ್ಲಿ ರೇಡಿಯೋ ಸಿಲೋನ್ ಕೇಳಿ ಬೆಳೆದವರು, ಆಗಿನಿಂದ ಈ ದೇಶ ನೋಡುವ ಆಸೆ ಇಟ್ಟುಕೊಂಡಿದ್ದವರು. ದಂತ ಮಂದಿರ ನಾವಿದ್ದ ಹೋಟೆಲಿನಿಂದ ಎರಡು ಕಿಲೋಮೀಟರ್ ದೂರದಲ್ಲಿತ್ತು.

ಬಸ್ಸು ಒಂದೇ. ಚಾಲಕ ಸಿಗಿರಿಯಾಕ್ಕೆ ಹೋಗೋಣ ಎಂದ. ಗಟ್ಟಿಯಾಗಿ ಕೂಗಿದವರ ಮಾತು ನಡೆಯಿತು. ಕೂಗಿದವರಲ್ಲಿ ನಾನೂ ಒಬ್ಬ. ಹುಡುಗರಿಬ್ಬರು ಮಾತ್ರ ಹಟ ಹಿಡಿದು ಬೆಳಗ್ಗೆಯೇ ಸಾರ್ವಜನಿಕ ಬಸ್ಸಿನಲ್ಲಿ ಮಾತಲೆಗೆ ಹೊರಟುಹೋದರು.

ಮಾರನೆಯ ದಿನ ಫೆಬ್ರವರಿ 19, ಮಂಗಳವಾರ, ಹುಣ್ಣಿಮೆ. ಶ್ರೀಲಂಕೆಯಲ್ಲಿ ಪ್ರತಿ ಹುಣ್ಣಿಮೆಯೂ ಸರ್ಕಾರಿ ರಜೆ. ಅದಕ್ಕೆ ಪೋಯ ಎನ್ನುತ್ತಾರೆ. ಬ್ಯಾಂಕು, ಕಚೇರಿ ಮುಚ್ಚಿರುತ್ತವೆ. ಅನೇಕ ಅಂಗಡಿಗಳೂ ಬಾಗಿಲು ಹಾಕಿರುತ್ತವೆ. ಮದ್ಯದ ಮಾರಾಟ ನಿಷಿದ್ಧ. ಜನ ಬಿಳಿ ಬಟ್ಟೆ ಉಟ್ಟು ಹೂವು ಹಿಡಿದು ವಿಹಾರಗಳಿಗೆ ಹೋಗುತ್ತಾರೆ. ನಮ್ಮ ಮನೆಗಳಲ್ಲಿ ಗೋಡೆಗೆ ಪಂಚಾಂಗದ ಕ್ಯಾಲೆಂಡರ್ ತೂಗುಹಾಕಿಯೇ ಇರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ನೋಡದೆ ನಾವು ಒಂದು ಕೆಲಸ ಮಾಡುವುದಿಲ್ಲ. ಹಾಗಿದ್ದೂ ಹೊರದೇಶಕ್ಕೆ ಹೊರಟಾಗ ಇಪ್ಪತ್ತೆರಡು ಜನರಲ್ಲಿ ಒಬ್ಬರೂ ಅದನ್ನು ತಿರುವಿ ನೋಡಲಿಲ್ಲ.

ಆರೂವರೆಗೆ ಹೊರಡಬೇಕಿದ್ದ ಬಸ್ಸು ಹೊರಟದ್ದು ಎಂಟಕ್ಕೆ. ಹಣ ಬದಲಾಯಿಸಲು ಹೋದ ಇಬ್ಬರು ಬ್ಯಾಂಕಿನ ಮುಚ್ಚಿದ ಬಾಗಿಲು ನೋಡಿ, ಬೇರೆ ಅಂಗಡಿ ಹುಡುಕಿ ಬರುವವರೆಗೆ ಕಾದೆವು. ಮಾತಲೆ ಹತ್ತಿರ ಚಾಲಕ ಹೇಳದೆ ಕೇಳದೆ ಒಂದು ಸಾಂಬಾರ ತೋಟದ ಮುಂದೆ ನಿಲ್ಲಿಸಿದ. ಪ್ರವಾಸಿಗಳಿಗಾಗಿಯೇ ಮಾಡಿರುವ ಇಂಥ ತೋಟಗಳು ಆ ರಸ್ತೆಯಲ್ಲಿ ಹಲವಾರಿವೆ. ಒಂದು ಮೆಣಸಿನ ಬಳ್ಳಿ, ಒಂದು ಜಾಯಿಕಾಯಿ ಮರ, ಒಂದು ಏಲಕ್ಕಿ ಬುಡ ತೋರಿಸಿ, ಕೊನೆಗೆ ಒಂದು ಕೋಣೆಯಲ್ಲಿ ಕೂರಿಸಿ ಎಣ್ಣೆ, ಮುಲಾಮು ಮಾರುತ್ತಾರೆ. ಗಾಡಿಯವರಿಗೆ ಅದರಲ್ಲಿ ಪಾಲು ಇರುವುದುಂಟು. ಜೀವಮಾನವಿಡೀ ಮೆಣಸಿನ ಬಳ್ಳಿಯ ಬುಡದಲ್ಲೇ ಕಳೆದ ನಮಗೆ, ಮೆಣಸು ಬಳ್ಳಿಯಲ್ಲಿ ಬಿಡುತ್ತದೆ ಎಂದು ಒಬ್ಬ ಹುಡುಗ ಪಾಠ ಹೇಳುತ್ತಿದ್ದ! ನಕ್ಕೆವು, ಆದರೆ ಒಂದೂವರೆ ಗಂಟೆ ಹೋಯಿತು. ಮೊಣಕಾಲು ನೋವಿನ ಎಣ್ಣೆಗೆಂದು ನಮ್ಮವರು ಒಟ್ಟಿಗೆ ಕೊಟ್ಟ ಹಣದಲ್ಲಿ ಎರಡು ದಿನದ ಊಟ ಆಗುತ್ತಿತ್ತು.

ಸಿಗಿರಿಯಾ ಕ್ಯಾಂಡಿಯಿಂದ ಸುಮಾರು 90 ಕಿಲೋಮೀಟರ್. ತಲುಪಿದಾಗ ಮಧ್ಯಾಹ್ನ ಹನ್ನೆರಡೂವರೆ. ಐದನೆಯ ಶತಮಾನದಲ್ಲಿ ಕಾಶ್ಯಪನೆಂಬ ರಾಜ ಬಂಡೆಯ ನೆತ್ತಿಯಲ್ಲಿ ಅರಮನೆ ಕಟ್ಟಿಸಿದ ಜಾಗ ಅದು. ಸುಮಾರು 1,200 ಮೆಟ್ಟಿಲು. ಮಧುಗಿರಿ ಬೆಟ್ಟ ಹತ್ತಿದವರಿಗೆ ಇದೇನೂ ದೊಡ್ಡದಲ್ಲ. ಆದರೆ ಮಧುಗಿರಿಯನ್ನೂ ನಡುಮಧ್ಯಾಹ್ನದಲ್ಲಿ ಯಾರೂ ಹತ್ತುವುದಿಲ್ಲ. ಟಿಕೆಟ್ ಕಿಟಕಿಯಲ್ಲಿ ಇನ್ನೊಂದು ಪೆಟ್ಟು ಕಾದಿತ್ತು. ವಿದೇಶಿಯರಿಗೆ ಡಾಲರ್ ಲೆಕ್ಕದ ದರ. ಸಾರ್ಕ್ ದೇಶದವರಿಗೆ ಅದರ ಅರ್ಧ, ಆದರೆ ಪಾಸ್‌ಪೋರ್ಟ್ ತೋರಿಸಬೇಕು. ಕಳೆದುಹೋದಾವು ಎಂಬ ಭಯಕ್ಕೆ ಎಲ್ಲರ ಪಾಸ್‌ಪೋರ್ಟನ್ನೂ ಒಟ್ಟುಗೂಡಿಸಿ ನಾನೇ ಹೋಟೆಲಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಸಿದ್ದೆ. ಹತ್ತಿದವರೆಲ್ಲ ಪೂರ್ತಿ ಹಣ ಕೊಟ್ಟರು. ಬಿಡುವಿನ ದಿನದ ಪ್ರವೇಶ ಶುಲ್ಕ ಪ್ರವಾಸದ ಹಣದಲ್ಲಿ ಸೇರಿಲ್ಲ ಎಂಬುದು ಕೂಡ ಹೆಚ್ಚಿನವರಿಗೆ ಅಲ್ಲೇ ತಿಳಿದದ್ದು.

ಬಸ್ಸಿನಲ್ಲಿದ್ದ ಇಪ್ಪತ್ತು ಮಂದಿಯಲ್ಲಿ ಒಂಬತ್ತು ಮಂದಿ ನೆತ್ತಿ ಮುಟ್ಟಿದೆವು. ನಾಲ್ವರು ಚಿತ್ರಗಳಿರುವ ಗವಿಯವರೆಗೆ ಹೋಗಿ ಇಳಿದರು. ಏಳು ಜನ ಹತ್ತಲೇ ಇಲ್ಲ. ಕುಣಿಗಲ್ಲಿನ ಯಜಮಾನರು ಅವರಲ್ಲಿ ಒಬ್ಬರು. “ನಾನೇನು ಹತ್ತೋದು ಬಿಡ್ರಪ್ಪ, ಇಲ್ಲೇ ಮರದಡಿ ಕೂತಿರ್ತೀನಿ, ನೀವು ಹೋಗಿ ಬನ್ನಿ” ಎಂದರು. ಮೂರು ಗಂಟೆ ಕುಳಿತಿದ್ದರು. ಊಟ ಮುಗಿಸಿ ಹೊರಟು, ಹುಣ್ಣಿಮೆಯ ಜನಸಂದಣಿ ದಾಟಿ ಹೋಟೆಲು ಸೇರಿದಾಗ ರಾತ್ರಿ ಎಂಟೂಕಾಲು. ದಂತ ಮಂದಿರದ ಸಂಜೆಯ ಪೂಜೆ ಆರೂವರೆಗೆ. ಬಾಗಿಲು ಮುಚ್ಚಿತ್ತು. ಬೆಳಗ್ಗೆ ಐದಕ್ಕೆ ವಿಮಾನ ನಿಲ್ದಾಣಕ್ಕೆ ಹೊರಡಬೇಕು.

ಯಜಮಾನರು ಯಾರನ್ನೂ ಬೈಯಲಿಲ್ಲ. ಆ ದಿನ ಬೆಳಗ್ಗೆ ಒಂದು ಆಟೋ ಮಾಡಿ, ಜೊತೆಗೆ ಒಬ್ಬರನ್ನು ಕಳಿಸಿದ್ದರೆ ಅವರ ಆಸೆ ಹನ್ನೊಂದು ಗಂಟೆಯೊಳಗೆ ತೀರುತ್ತಿತ್ತು. ಆ ಯೋಚನೆ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ. ಬಂದ ಎರಡು ತಿಂಗಳಿಗೆ, ಏಪ್ರಿಲ್ 21ರಂದು ಅಲ್ಲಿ ಈಸ್ಟರ್ ಹಬ್ಬದ ಬಾಂಬ್ ಸ್ಫೋಟಗಳಾದವು. ಮುಂದಿನ ವರ್ಷ ಕೊರೋನಾ. 2022ರಲ್ಲಿ ಆ ದೇಶ ಪೆಟ್ರೋಲಿಗೂ ಹಣವಿಲ್ಲದ ಸ್ಥಿತಿಗೆ ಬಂತು. ಇನ್ನೊಮ್ಮೆ ಹೋಗೋಣ ಎಂದು ಯಜಮಾನರಿಗೆ ನಾನು ಹೇಳುತ್ತಲೇ ಇದ್ದೆ. 2021ರ ಮಳೆಗಾಲದಲ್ಲಿ ಅವರು ತೀರಿಕೊಂಡರು.

ಆ ರಾತ್ರಿ ಮುಗಿಯುವ ಮೊದಲು ಇನ್ನೊಂದು ಪ್ರಸಂಗ ನಡೆಯಿತು. ಮಾತಲೆಗೆ ಹೋದ ಹುಡುಗರು ಮುಖ ಅರಳಿಸಿಕೊಂಡು ಬಂದಿದ್ದರು. ಇಡೀ ಪ್ರವಾಸದಲ್ಲಿ ನಿಜವಾದ ಪಾಠ ಕಲಿತವರು ಅವರೇ ಎನ್ನಬೇಕು. ಕ್ಯಾಂಡಿ ಸೀಮೆಯ ಮನೆತೋಟ ಎಂದರೆ ಒಂದೆರಡು ಎಕರೆಯಲ್ಲಿ ಕಾಡಿನಂತೆ ಅಂತಸ್ತು ಅಂತಸ್ತಾಗಿ ಬೆಳೆ: ಮೇಲೆ ತೆಂಗು, ಹಲಸು; ಅದರ ಕೆಳಗೆ ಅಡಿಕೆ, ಜಾಯಿಕಾಯಿ, ಲವಂಗ; ಮರಕ್ಕೆ ಹಬ್ಬಿಸಿದ ಮೆಣಸು; ಕೆಳಗೆ ಕಾಫಿ, ಬಾಳೆ, ಗೆಡ್ಡೆ. ಅಡಿಕೆಯ ನಡುವೆ ಹೊಸದಾಗಿ ಕಾಫಿ ಇಟ್ಟು ಕೈಸುಟ್ಟುಕೊಂಡವರಿಗೂ ಲಾಭ ಕಂಡವರಿಗೂ ಅದು ನೋಡಬೇಕಾದ್ದೇ. ಮನೆಯವರು ತಂಬಿಲಿ ಎಂಬ ಕೇಸರಿ ಬಣ್ಣದ ಎಳನೀರು ಕೊಟ್ಟು, ಊಟ ಹಾಕಿ ಕಳಿಸಿದ್ದರು. ಒಬ್ಬ ಹುಡುಗ ಚೀಲ ಬಿಚ್ಚಿ, ಪತ್ರಿಕೆಯಲ್ಲಿ ಸುತ್ತಿದ ಆರು ಗೋಟಡಿಕೆ ಮತ್ತು ಮೊಳಕೆ ಬಂದ ಒಂದು ಚಿಕ್ಕ ತೆಂಗಿನ ಕಾಯಿ ತೋರಿಸಿದ. ಬುಡದಲ್ಲಿ ಅಲ್ಲಿಯ ಮಣ್ಣು ಇನ್ನೂ ಹಸಿಯಾಗಿತ್ತು. ಬಟ್ಟೆಯ ನಡುವೆ ಇಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದ.

ನಮ್ಮಲ್ಲಿ ಅರ್ಧ ಜನ ಸುಮ್ಮನಿದ್ದರು. ಬೆಳೆಗಾರನಿಗೆ ಒಳ್ಳೆಯ ಬೀಜ ಕಂಡರೆ ಕೈ ಸುಮ್ಮನಿರುವುದಿಲ್ಲ, ಆ ಆಸೆ ನನಗೂ ಗೊತ್ತು. ಆಗ ಕಟುವಾಗಿ ಮಾತನಾಡಿದವರು ಅದೇ ಯಜಮಾನರು. “ನುಸಿ ರೋಗ ಮರೆತುಬಿಟ್ಟೆಯೇನೋ?” ಎಂದರು. ಕೋಣೆ ನಿಶ್ಶಬ್ದವಾಯಿತು.

ಮರೆಯುವುದು ಹೇಗೆ? ತೆಂಗಿನ ಆ ನುಸಿ 1997ರ ಕೊನೆಗೆ ಶ್ರೀಲಂಕೆಯ ಕಲ್ಪಿಟಿಯ ಕಡೆ ಕಾಣಿಸಿತು, 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ. ಮುಂದಿನ ಒಂದೆರಡು ವರ್ಷಗಳಲ್ಲಿ ನಮ್ಮ ತೆಂಗಿನ ಸೀಮೆಯ ಕಾಯಿಗಳು ಸುಕ್ಕುಗಟ್ಟಿ ಕಂದಿಹೋದದ್ದನ್ನು ಗುಬ್ಬಿ, ತಿಪಟೂರು ಕಡೆಯ ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಅದು ಸಮುದ್ರ ದಾಟಿ ಬಂದ ಕೀಟ, ಇಲ್ಲಿಯದಲ್ಲ. 2016ರಲ್ಲಿ ನಮ್ಮ ದೇಶದಲ್ಲಿ ಮೊದಲು ಕಂಡ ಸುರುಳಿ ಬಿಳಿನೊಣವೂ ಹಾಗೆಯೇ ಹೊರಗಿನದು. ಶ್ರೀಲಂಕೆಯ ದಕ್ಷಿಣಕ್ಕೆ, ಮಾತರ ಜಿಲ್ಲೆಯ ವೆಲಿಗಾಮದಲ್ಲಿ 2006ರಿಂದ ತೆಂಗಿನ ಎಲೆ ಬಾಡುವ ರೋಗವೊಂದಿದೆ. ನಮ್ಮ ಮಲೆನಾಡಿನ ಅಡಿಕೆಗೆ ಬಂದಿರುವ ಹಳದಿ ಎಲೆ ರೋಗದಂತೆ ಅದಕ್ಕೂ ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಇದಕ್ಕೆ ಔಷಧಿ ಹೊಡೆದು ಗುಣಪಡಿಸುವ ದಾರಿಯಿಲ್ಲ.

ಕಾಫಿಯವರಿಗೆ ಈ ಕಥೆ ಇನ್ನೂ ಚೆನ್ನಾಗಿ ಅರ್ಥವಾಗಬೇಕು. ನಾವು ಈಗ ಚಹಾದ ದೇಶ ಎನ್ನುವ ಸಿಲೋನು ಒಂದು ಕಾಲಕ್ಕೆ ಕಾಫಿಯ ದೇಶವಾಗಿತ್ತು. 1869ರಲ್ಲಿ ಅಲ್ಲಿ ಕಾಫಿ ಎಲೆಯ ಹಿಂಬದಿಗೆ ಕಿತ್ತಳೆ ಬಣ್ಣದ ಪುಡಿ ಕಾಣಿಸಿತು. ಅದೇ ಎಲೆ ತುಕ್ಕು ರೋಗ. ಇಪ್ಪತ್ತು ವರ್ಷ ತುಂಬುವುದರೊಳಗೆ ಅಲ್ಲಿಯ ಕಾಫಿ ನೆಲಕಚ್ಚಿತು, ಆ ನೆಲಕ್ಕೆ ಚಹಾ ಬಂತು. ರೋಗ ನಮ್ಮ ಕಡೆಗೂ ಬರಲು ತಡವಾಗಲಿಲ್ಲ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾದಾಗ ಅದರ ಮುಂದಿದ್ದ ದೊಡ್ಡ ಕೆಲಸಗಳಲ್ಲಿ ಈ ತುಕ್ಕು ಒಂದು.

ನಮ್ಮ ದೇಶದಲ್ಲಿ 2003ರ ಸಸ್ಯ ಕ್ವಾರಂಟೈನ್ ಆದೇಶ ಜಾರಿಯಲ್ಲಿದೆ. ಅನುಮತಿ ಪತ್ರ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ನೆಡುವ ಬೀಜ, ಗಿಡ ತರುವಂತಿಲ್ಲ. ಮಣ್ಣಂತೂ ಬೇಡವೇ ಬೇಡ. ಹುಡುಗ ಕೊನೆಗೆ ಎಲ್ಲವನ್ನೂ ಹೋಟೆಲಿನ ತೋಟದವನ ಕೈಗೆ ಕೊಟ್ಟ. ಚಪ್ಪಲಿಗೆ ಮೆತ್ತಿದ್ದ ಮಣ್ಣನ್ನೂ ತೊಳೆಸಿದೆವು. ಬಿಡುವಿನ ದಿನವೇ ಇಂಥ ಆಸೆ ಹುಟ್ಟುವ ದಿನ, ಏಕೆಂದರೆ ಅಂದು ಜೊತೆಗೆ ಅಧಿಕಾರಿ ಇರುವುದಿಲ್ಲ. ತೋಟದ ಫೋಟೋ ತನ್ನಿ, ಬರೆದುಕೊಂಡು ಬನ್ನಿ, ಬೇಕಾದರೆ ಒಳ್ಳೆಯ ಕೊನೆಗತ್ತಿ ಕೊಂಡು ಸಾಮಾನಿನ ಪೆಟ್ಟಿಗೆಯಲ್ಲಿ ಹಾಕಿಸಿ.

ಇನ್ನು ಈ ಸಲ ಹೊರಡುವವರು ಏನು ಮಾಡಬಹುದು ಎಂಬುದಕ್ಕೆ ನನ್ನ ಸಲಹೆ ಹೇಳುತ್ತೇನೆ.

ದಿನಾಂಕ ಗೊತ್ತುಮಾಡುವ ಮೊದಲೇ ಹುಣ್ಣಿಮೆ ಎಂದು ಬರುತ್ತದೆ ನೋಡಿ. ಹುಣ್ಣಿಮೆಯ ದಿನ ಬಿಡುವು ಬೇಡ ಎಂದು ನಾನು ಹೇಳುವುದಿಲ್ಲ. ಬಿಳಿ ಬಟ್ಟೆಯ ಆ ಜನಸಾಗರ ನೋಡುವಂಥದ್ದೇ. ಆದರೆ ಹಣ ಹಿಂದಿನ ದಿನವೇ ಬದಲಾಯಿಸಿಕೊಂಡಿರಬೇಕು, ಪೇಟೆಯ ಆಸೆ ಬಿಡಬೇಕು, ಸಂಶೋಧನಾ ಕೇಂದ್ರದ ಭೇಟಿಯನ್ನಂತೂ ಅಂದು ಇಟ್ಟುಕೊಳ್ಳಬಾರದು.

ಎರಡನೆಯದಾಗಿ, ಒಂದು ಬಸ್ಸಿಗೆ ಎಲ್ಲರನ್ನೂ ಕಟ್ಟಿಹಾಕಬೇಡಿ. ಹೊರಡುವ ಮೊದಲು ತುಮಕೂರಿನಲ್ಲಿ ಒಮ್ಮೆ ಎಲ್ಲರೂ ಕುಳಿತು, ಪ್ರತಿಯೊಬ್ಬರೂ ತಾವು ನೋಡಲೇಬೇಕೆಂದಿರುವ ಒಂದೇ ಜಾಗದ ಹೆಸರನ್ನು ಚೀಟಿಯಲ್ಲಿ ಬರೆದು ಕೊಡಲಿ. ಬಾಯಲ್ಲಿ ಕೇಳಿದರೆ ಹಿರಿಯರೂ ಹೆಣ್ಣುಮಕ್ಕಳೂ “ನೀವು ಎಲ್ಲಿಗೆ ಅಂದ್ರೆ ಅಲ್ಲಿಗೆ” ಎಂದುಬಿಡುತ್ತಾರೆ. ಚೀಟಿಯಲ್ಲಾದರೆ ಮನಸ್ಸಿನಲ್ಲಿದ್ದದ್ದು ಬರುತ್ತದೆ. ಚೀಟಿ ವಿಂಗಡಿಸಿದರೆ ಮೂರು ನಾಲ್ಕು ಗುಂಪು ತಾವಾಗಿಯೇ ಆಗುತ್ತವೆ. ಗುಂಪಿಗೊಂದು ವ್ಯಾನು, ಒಬ್ಬ ಮುಂದಾಳು. ವ್ಯಾನಿನ ಬಾಡಿಗೆ ಎಷ್ಟು, ಎಲ್ಲೆಲ್ಲಿ ನಿಲ್ಲಿಸಬೇಕು, ಎಲ್ಲಿ ನಿಲ್ಲಿಸಬಾರದು ಎಂಬುದನ್ನು ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ.

ಸಿಗಿರಿಯಾಕ್ಕೆ ಹೋಗುವವರು ಬೆಳಗಿನ ಜಾವ ನಾಲ್ಕೂವರೆಗೆ ತಿಂಡಿ ಕಟ್ಟಿಸಿಕೊಂಡು ಹೊರಡಬೇಕು; ಬಿಸಿಲೇರುವ ಮುಂಚೆ ಹತ್ತಿ ಇಳಿಯಬೇಕು. ಎದೆನೋವು, ಮೊಣಕಾಲು ನೋವು ಇರುವವರು ಬೇಡ. ಬಂಡೆಯಲ್ಲಿ ಕಣಜದ ಗೂಡುಗಳಿವೆ, ಅಲ್ಲಿ ಗಲಾಟೆ ಮಾಡಬಾರದು. ಪಿನ್ನವಾಲ ಕ್ಯಾಂಡಿಯಿಂದ ಸುಮಾರು 40 ಕಿಲೋಮೀಟರ್, ಅರ್ಧ ದಿನದ ಕೆಲಸ. 1975ರಲ್ಲಿ ತಬ್ಬಲಿ ಆನೆಮರಿಗಳಿಗಾಗಿ ಶುರುವಾದದ್ದು. ದಿನಕ್ಕೆ ಎರಡು ಸಲ ಮಹಾ ಓಯ ಹೊಳೆಗೆ ಆನೆಗಳನ್ನು ಹೊಡೆದುಕೊಂಡು ಬರುತ್ತಾರೆ, ಆ ವೇಳೆ ಕೇಳಿಕೊಂಡು ಹೋಗಬೇಕು.

ದೂರ ಹೋಗಲಾಗದವರಿಗೆ ಕ್ಯಾಂಡಿಯಲ್ಲೇ ಒಂದು ದಿನ ಸಾಲದಷ್ಟಿದೆ. ಬೆಳಗ್ಗೆ ಒಂಬತ್ತೂವರೆಯ ಪೂಜೆಗೆ ದಂತ ಮಂದಿರ. ಬಿಳಿ ಪಂಚೆ, ಬಿಳಿ ಅಂಗಿ ನಮ್ಮವರಿಗೆ ಹೊಸದಲ್ಲ, ಅಲ್ಲಿಯ ರೀತಿಗೆ ಅದೇ ಸರಿಯಾದ ಉಡುಪು. ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬಾರದು, ಅದನ್ನು ಅವರು ಅವಮಾನವೆಂದು ಎಣಿಸುತ್ತಾರೆ. ಪಕ್ಕದಲ್ಲೇ ಕೆರೆ. 1807ರಲ್ಲಿ ಅದನ್ನು ಕಟ್ಟಿಸಿದವನು ಕ್ಯಾಂಡಿಯ ಕೊನೆಯ ರಾಜ ಶ್ರೀ ವಿಕ್ರಮ ರಾಜಸಿಂಹ. ಇಂಗ್ಲಿಷರು 1815ರಲ್ಲಿ ಅವನನ್ನು ಇಳಿಸಿ ನಮ್ಮ ಪಕ್ಕದ ವೆಲ್ಲೂರಿಗೆ ತಂದಿಟ್ಟರು, ಅಲ್ಲೇ 1832ರಲ್ಲಿ ತೀರಿಕೊಂಡ. ಸುತ್ತ ನೆರಳಿನ ದಾರಿ, ಮೂರು ಕಿಲೋಮೀಟರಿಗಿಂತ ತುಸು ಹೆಚ್ಚು. ನಮ್ಮ ಕುಣಿಗಲ್ ಕೆರೆಯ ಮುಂದೆ ಚಿಕ್ಕದೇ, ಆದರೆ ಅಂದವಾಗಿದೆ.

ಮಧ್ಯಾಹ್ನದ ಮೇಲೆ ಐದಾರು ಕಿಲೋಮೀಟರ್ ದೂರದ ಪೆರಾದೆನಿಯ ಸಸ್ಯೋದ್ಯಾನ. 1821ರಲ್ಲಿ ಶುರುವಾದ, ಮಹಾವೆಲಿ ನದಿ ಮೂರು ಕಡೆ ಬಳಸಿ ಹರಿಯುವ 147 ಎಕರೆಯ ತೋಟ. ನಮ್ಮ ಕಾರ್ಯಕ್ರಮದಲ್ಲಿ ಇದಕ್ಕೆ ಮುಕ್ಕಾಲು ಗಂಟೆ ಕೊಟ್ಟಿದ್ದರು! ತಾಳೆ ಜಾತಿಯ ಮರಗಳ ಸಾಲೇ ನೋಡಲು ಅಷ್ಟು ಹೊತ್ತು ಬೇಕು. ಸೆಶೆಲ್ಸ್ ದ್ವೀಪದ ಜೋಡಿ ತೆಂಗು ಅಲ್ಲಿದೆ. ಸಸ್ಯಲೋಕದಲ್ಲೇ ಅತಿ ದೊಡ್ಡ ಬೀಜ ಅದರದು. ಅದನ್ನು ಕಂಡ ಗುಬ್ಬಿಯ ಒಬ್ಬರು, “ಇದನ್ನ ಕೀಳೋಕೆ ಯಾವ ಗೊನೆಗಾರ ಬರ್ತಾನೆ, ಎಷ್ಟು ಕೂಲಿ ಕೇಳ್ತಾನೆ?” ಎಂದು ಲೆಕ್ಕ ಹಾಕತೊಡಗಿದ್ದರು.

ಮನೆತೋಟ ನೋಡುವ ಆಸೆ ಇದ್ದವರು ಮೊದಲೇ ಒಪ್ಪಿಗೆ ಪಡೆದು, ಐದಾರು ಜನಕ್ಕಿಂತ ಹೆಚ್ಚು ಹೋಗದೆ, ಕೈಯಲ್ಲಿ ಒಂದಿಷ್ಟು ನಮ್ಮೂರಿನ ಸಿಹಿ ಹಿಡಿದು ಹೋಗುವುದು ಮರ್ಯಾದೆ.

ಊಟದ ವಿಷಯ. ಅಲ್ಲಿ ತರಕಾರಿ ಪಲ್ಯಕ್ಕೂ ಕಾಯಿ ಚಟ್ನಿಯಂಥ ಪೊಲ್ ಸಂಬೋಲಕ್ಕೂ ಒಣಮೀನಿನ ಪುಡಿ ಹಾಕುವುದುಂಟು. ಅದರ ಹೆಸರು ಉಂಬಲಕಡ. ಮಾಂಸ ಬೇಡ ಎಂದರಷ್ಟೇ ಸಾಲದು, ಉಂಬಲಕಡ ಬೇಡ ಎಂದು ಹೆಸರು ಹಿಡಿದು ಹೇಳಬೇಕು. ತಮಿಳರ ಸಸ್ಯಾಹಾರದ ಹೋಟೆಲುಗಳು ಕ್ಯಾಂಡಿ ಪೇಟೆಯಲ್ಲಿವೆ. ಬೆಳಗಿನ ತಿಂಡಿಗೆ ಸಿಗುವುದು ನಮ್ಮ ಒತ್ತು ಶ್ಯಾವಿಗೆಯೇ.

ಪಾಸ್‌ಪೋರ್ಟ್ ಬಿಡುವಿನ ದಿನ ಅವರವರ ಬಳಿಯೇ ಇರಲಿ, ನಕಲು ಮುಂದಾಳಿನ ಬಳಿ. ಹೋಟೆಲಿನ ಹೆಸರು, ಫೋನು ನಂಬರನ್ನು ಸಿಂಹಳ ಮತ್ತು ತಮಿಳಿನಲ್ಲಿ ಬರೆಸಿದ ಚೀಟಿ ಪ್ರತಿಯೊಬ್ಬರ ಜೇಬಿನಲ್ಲಿರಲಿ. ಬಿಪಿ, ಸಕ್ಕರೆ ಮಾತ್ರೆ ಕೈಚೀಲದಲ್ಲಿರಲಿ. ವೀಸಾ ನಿಯಮ ಹಲವು ಸಲ ಬದಲಾಗಿದೆ, ಟಿಕೆಟಿಗೆ ಹಣ ಕಟ್ಟುವ ಮುಂಚೆ ವಿಚಾರಿಸಿ. 2025ರ ನವೆಂಬರ್ ಕೊನೆಯ ದಿತ್ವಾ ಚಂಡಮಾರುತದಲ್ಲಿ ಕ್ಯಾಂಡಿ, ಮಾತಲೆ ಸೀಮೆಯ ಗುಡ್ಡಗಳು ಕುಸಿದು ಬಹಳ ಸಾವುನೋವಾಯಿತು. ರಸ್ತೆ, ರೈಲು ಮಾರ್ಗಗಳೂ ಹಾಳಾದವು. ಆದ್ದರಿಂದ ಯಾವ ದಾರಿ ತೆರೆದಿದೆ ಎಂಬುದನ್ನು ಹೊರಡುವ ವಾರ ಮತ್ತೊಮ್ಮೆ ಕೇಳಿಕೊಳ್ಳಬೇಕು.

ಎಲ್ಲ ಗುಂಪುಗಳೂ ಸಂಜೆ ಐದೂವರೆಗೆ ಹೋಟೆಲಿಗೆ ವಾಪಸಾಗಬೇಕು ಎಂದು ಗೊತ್ತುಮಾಡಿಕೊಂಡರೆ, ಬೆಳಗ್ಗೆ ತಪ್ಪಿಸಿಕೊಂಡವರಿಗೂ ಆರೂವರೆಯ ಪೂಜೆ ಸಿಗುತ್ತದೆ. ಚೀಟಿ ಬರೆಯುವ ಸಭೆಗೆ ಬರುವವರು ಮನೆಯಲ್ಲಿ ಹಿರಿಯರನ್ನೂ ಜೊತೆಗೆ ಬರುವ ಹೆಣ್ಣುಮಕ್ಕಳನ್ನೂ ಕೇಳಿಕೊಂಡು, ಅವರ ಚೀಟಿಯನ್ನು ಅವರ ಕೈಯಿಂದಲೇ ಬರೆಸಿ ತರಬೇಕಾಗಿ ಕೋರುತ್ತೇನೆ.